ಟ್ಯೂನಾಗೆ ರಜೆಯೂ ಬೇಕು, ಟನ್ ಲೆಕ್ಕವೂ ಬೇಕು: ಯಾಕೆ, ಹೇಗೆ?

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಕುಟುಂಬದ ಎರಡು ಪರ್ಸೀನ್ (ಸುತ್ತುಬಲೆ) ಬೋಟುಗಳಿವೆ. ಜೂನ್, ಜುಲೈ ಎರಡು ತಿಂಗಳು ಬೋಟ್ ಬಂದ್. ಹೊರದೇಶಗಳಲ್ಲಿ ಟ್ಯೂನಾ ಹಿಡಿಯುವವರಿಗೆ ರಜೆಯ ಜೊತೆಗೆ ಇಷ್ಟೇ ಟನ್ ಎಂಬ ಕೋಟಾವೂ ಇದೆಯಂತೆ. ಮೊಟ್ಟೆ ಇಡುವ ಕಾಲಕ್ಕೆ ಬಂದ್ ಮಾಡಿದರೆ ಸಾಲದೇ, ಕೋಟಾ ಯಾಕೆ? ನಡುಗಡಲಲ್ಲಿ ತೂಕ ಹಾಕುವವರು ಯಾರು? ಮೀರಿ ಹಿಡಿದರೆ ಏನಾಗುತ್ತದೆ? ನಾಳೆ ನಮ್ಮ ಬೋಟಿಗೂ ಇದು ಬರುತ್ತದೆಯೇ?

ಉತ್ತರ: ‘ಮೊಟ್ಟೆ ಇಡುವ ಕಾಲಕ್ಕೆ ಬಂದ್’ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ನಮ್ಮ ಕರಾವಳಿಗೆ ಆ ಮಾತು ಹೊಂದುತ್ತದೆ. ಬಂಗುಡೆ, ಬೂತಾಯಿ ಮಳೆಗಾಲದ ಆಸುಪಾಸಿನಲ್ಲಿ ಮೊಟ್ಟೆ ಇಡುತ್ತವೆ, ಕಡಲೂ ಆಗ ಬೋಟಿಗೆ ಒಗ್ಗುವುದಿಲ್ಲ. ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನದ ನಿಷೇಧದಿಂದ ಎರಡೂ ಕೆಲಸ ಆಗುತ್ತದೆ. ಟ್ಯೂನಾಗೆ ಬಂದರೆ ಈ ಲೆಕ್ಕ ತಲೆಕೆಳಗು. ಅಟ್ಲಾಂಟಿಕ್‌ನ ಬ್ಲೂಫಿನ್ ಟ್ಯೂನಾ ಮೊಟ್ಟೆ ಇಡಲು ಮೆಡಿಟರೇನಿಯನ್ ಸಮುದ್ರಕ್ಕೆ ಬರುವುದು ಮೇ ಕೊನೆಯಿಂದ ಜುಲೈ ಒಳಗೆ. ಅಲ್ಲಿನ ಪರ್ಸೀನ್ ಹಡಗುಗಳಿಗೆ ಬಲೆ ಬಿಡಲು ಅನುಮತಿ ಇರುವುದು ಮೇ 26ರಿಂದ ಜುಲೈ 1ರ ವರೆಗೆ. ಅಂದರೆ ಸರಿಯಾಗಿ ಮೊಟ್ಟೆ ಇಡುವ ಹೊತ್ತಿನ 37 ದಿನ ಹಿಡಿಯಬಹುದು, ಉಳಿದ 328 ದಿನ ಬಂದ್!

ಇದು ಹುಚ್ಚಾಟದಂತೆ ಕಂಡರೂ ಹಿಂದೆ ಕಾರಣವಿದೆ. ಬ್ಲೂಫಿನ್ ದೊಡ್ಡ ಗುಂಪು ಕಟ್ಟಿಕೊಂಡು ಮೇಲ್ನೀರಿಗೆ ಬರುವುದೇ ಆ ಕೆಲವು ವಾರ. ಉಳಿದ ಕಾಲ ಚದುರಿಹೋಗಿರುತ್ತದೆ, ಸುತ್ತುಬಲೆಗೆ ಸಿಗುವುದು ಕಷ್ಟ. ಹಾಗಾಗಿ ‘ಯಾವಾಗ ಹಿಡಿದರು’ ಎಂಬುದಕ್ಕಿಂತ ‘ಎಷ್ಟು ಹಿಡಿದರು’ ಎಂಬುದಕ್ಕೇ ಅಲ್ಲಿ ಕಾವಲು. ಮೊಟ್ಟೆ ಇಡುವ ಮೊದಲು ಹಿಡಿದ ತಾಯಿಮೀನಾಗಲಿ, ಆರು ತಿಂಗಳು ಬಿಟ್ಟು ಹಿಡಿದದ್ದಾಗಲಿ, ಮುಂದಿನ ವರ್ಷ ಮೊಟ್ಟೆ ಇಡಲು ಅದು ಇರುವುದಿಲ್ಲ. ಒಟ್ಟು ಎಷ್ಟು ತಾಯಿಮೀನು ಉಳಿಯಿತು ಎಂಬುದೇ ಮುಖ್ಯ. ಇನ್ನು 37 ದಿನಕ್ಕೆ ಕಟ್ಟಿಹಾಕಿದ್ದು ಕಾವಲಿನ ಅನುಕೂಲಕ್ಕೆ: ಹಡಗು, ವೀಕ್ಷಕರು, ತಪಾಸಣೆಯ ದೋಣಿ ಎಲ್ಲವೂ ಒಂದೇ ಹೊತ್ತಿಗೆ ಒಂದೇ ಕಡೆ ಇರುತ್ತವೆ. ವರ್ಷವಿಡೀ ತೆರೆದಿಟ್ಟರೆ ಅಷ್ಟು ಕಣ್ಣುಗಳನ್ನು ಸಾಕಲು ಆಗದು.

ಉಷ್ಣವಲಯದ ಟ್ಯೂನಾಗಳ ಕಥೆ ಮತ್ತೊಂದು ಬಗೆ. ಡಬ್ಬಿಗೆ ಹೋಗುವ ಸ್ಕಿಪ್‌ಜ್ಯಾಕ್ ಬಿಸಿನೀರಿನ ಕಡಲಲ್ಲಿ ವರ್ಷವಿಡೀ ಮೊಟ್ಟೆ ಇಡುತ್ತದೆ. ಅದಕ್ಕೆ ‘ಕಾಲ’ ಎಂಬುದೇ ಇಲ್ಲ. ಆದರೂ ಅಲ್ಲಿ ರಜೆ ಇದೆ, ಉದ್ದೇಶ ಮಾತ್ರ ಬೇರೆ. ತೇಲುವ ಆಸರೆಯ ಕೆಳಗೆ (ಇದನ್ನು ಎಲ್ಲರೂ ಫ್ಯಾಡ್ ಎನ್ನುತ್ತಾರೆ: ಬಿದಿರಿನ ತೆಪ್ಪ, ಅದರಡಿ ಜೋತುಬಿದ್ದ ಹಗ್ಗ, ಮೇಲೆ, ಶಬ್ದದಿಂದ ಮೀನು ಪತ್ತೆಮಾಡುವ ಎಕೋಸೌಂಡರ್ ಇರುವ ತೇಲುಗುಂಡು, ಅಂದರೆ ಬೋಯ್) ಸ್ಕಿಪ್‌ಜ್ಯಾಕ್ ಜೊತೆಗೆ ಬಿಗ್‌ಐ ಮತ್ತು ಯೆಲ್ಲೋಫಿನ್ ಎಂಬ ದೊಡ್ಡ ಟ್ಯೂನಾಗಳ ಮರಿಗಳೂ ಸೇರಿಕೊಳ್ಳುತ್ತವೆ. ಬಲೆಗೆ ಬಿದ್ದ ಮೇಲೆ ಬೇರ್ಪಡಿಸಿ ಬಿಡಲಾಗದು. ದೊಡ್ಡದಾಗಿದ್ದರೆ ನೂರು ಕಿಲೋ ದಾಟುತ್ತಿದ್ದ ಬಿಗ್‌ಐ ಮೂರು ಕಿಲೋ ಇರುವಾಗಲೇ ಡಬ್ಬಿ ಸೇರುತ್ತದೆ. ರಜೆಯ ಗುರಿ ಈ ಮರಿಗಳೇ. ಅಟ್ಲಾಂಟಿಕ್‌ನಲ್ಲಿ 2022ರಿಂದ ಕೆಲವು ವರ್ಷ ಜನವರಿ 1ರಿಂದ ಮಾರ್ಚ್ 13ರ ವರೆಗೆ 72 ದಿನ ಫ್ಯಾಡ್ ಮೇಲೆ ಬಲೆ ಬಿಡುವಂತಿರಲಿಲ್ಲ. ಪಶ್ಚಿಮ ಪೆಸಿಫಿಕ್‌ನಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮೂರು ತಿಂಗಳಿದ್ದ ಇಂಥ ರಜೆಯನ್ನು 2024ರಿಂದ ಅರ್ಧಕ್ಕೆ ಇಳಿಸಿ ಜುಲೈ 1ರಿಂದ ಆಗಸ್ಟ್ 15 ಎಂದು ಮಾಡಿದರು. ಅಲ್ಲಿ ಹಡಗು ಕಟ್ಟಿಹಾಕಬೇಕಿಲ್ಲ. ಆಸರೆಯಿಲ್ಲದೆ ಈಜುವ ಗುಂಪಿನ ಮೇಲೆ ಬಲೆ ಬಿಡಬಹುದು.

ಪೂರ್ವ ಪೆಸಿಫಿಕ್‌ನ ಪದ್ಧತಿ ನಿಮ್ಮ ಮಳೆಗಾಲದ ರಜೆಗೆ ಹತ್ತಿರದ್ದು. ಮೆಕ್ಸಿಕೊದಿಂದ ಪೆರುವಿನವರೆಗಿನ ಆ ಕಡಲನ್ನು ನೋಡಿಕೊಳ್ಳುವ ಆಯೋಗ ಐಎಟಿಟಿಸಿ. 1949ರಲ್ಲೇ ಹುಟ್ಟಿದ್ದು, ಟ್ಯೂನಾ ಆಯೋಗಗಳಲ್ಲಿ ಎಲ್ಲಕ್ಕಿಂತ ಹಳೆಯದು. 2018ರಿಂದ 2024ರ ವರೆಗೆ ಅಲ್ಲಿ 182 ಟನ್‌ಗಿಂತ ಹೆಚ್ಚು ಮೀನು ತುಂಬಬಲ್ಲ ಪರ್ಸೀನ್ ಹಡಗುಗಳಿಗೆ ವರ್ಷಕ್ಕೆ 72 ದಿನ ಪೂರ್ತಿ ಬಂದ್ ಇತ್ತು. ಹಡಗಿನವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು: ಜುಲೈ 29ರಿಂದ ಅಕ್ಟೋಬರ್ 8, ಇಲ್ಲವೇ ನವೆಂಬರ್ 9ರಿಂದ ಜನವರಿ 19. ಒಂದು ಪಾಲು ಹಡಗು ಕಟ್ಟೆಗೆ ಬಂದಾಗ ಇನ್ನೊಂದು ಪಾಲು ಕಡಲಲ್ಲಿರುತ್ತದೆ, ಹಾಗಾಗಿ ಮೀನನ್ನು ಡಬ್ಬಿಗೆ ತುಂಬುವ ಕ್ಯಾನರಿಗಳಿಗೆ ಮೀನು ಪೂರ್ತಿ ನಿಲ್ಲುವುದಿಲ್ಲ. ಎರಡು ರಜೆಗಳ ನಡುವೆ, ಅಕ್ಟೋಬರ್ 9ರಿಂದ ನವೆಂಬರ್ 8ರ ವರೆಗೆ, ಗಲಪಾಗೋಸ್‌ನ ಪಶ್ಚಿಮಕ್ಕೆ ಒಂದು ಚೌಕ ಪೂರ್ತಿ ಮುಚ್ಚಿರುತ್ತದೆ. ಬಿಗ್‌ಐ ಮರಿ ದಟ್ಟವಾಗಿರುವ ಜಾಗ ಅದು. ಸ್ಪ್ಯಾನಿಷ್‌ನಲ್ಲಿ ಅದನ್ನು ‘ಕೊರಲಿಟೊ’ ಎನ್ನುತ್ತಾರೆ, ಅಂದರೆ ಸಣ್ಣ ದೊಡ್ಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ: ರಜೆಯೊಂದೇ ಸಾಲದೇ?

ಸಾಲದು. ರಜೆ ಎಣಿಸುವುದು ದಿನವನ್ನು, ಮೀನನ್ನಲ್ಲ. ಹತ್ತು ಹಡಗಿಗೆ ಎರಡು ತಿಂಗಳು ರಜೆ ಕೊಟ್ಟು, ಉಳಿದ ಹತ್ತು ತಿಂಗಳಲ್ಲಿ ಅವು ಹದಿನೈದಾಗಲು ಬಿಟ್ಟರೆ ರಜೆಯ ಲಾಭ ತೊಳೆದುಹೋಯಿತು. ಹಡಗಿನ ಸಂಖ್ಯೆ ಹಾಗೇ ಇದ್ದರೂ ಒಂದು ದಿನದ ಬೆಲೆ ಬದಲಾಗುತ್ತದೆ. ಬೋಯ್‌ಗೆ ಎಕೋಸೌಂಡರ್ ಬಂದ ಮೇಲೆ ಸ್ಕಿಪ್ಪರ್ ತನ್ನ ಕೋಣೆಯಲ್ಲೇ ಕೂತು ಯಾವ ಫ್ಯಾಡ್ ಕೆಳಗೆ ಎಷ್ಟು ಟನ್ ನಿಂತಿದೆ ಎಂದು ನೋಡಿ, ನೇರ ಅಲ್ಲಿಗೇ ಹೋಗುತ್ತಾನೆ. ಇಪ್ಪತ್ತು ವರ್ಷದ ಹಿಂದೆ ಹುಡುಕಾಟಕ್ಕೇ ಮೂರು ದಿನ ಹೋಗುತ್ತಿದ್ದ ಕೆಲಸ ಅದು. ಆದ್ದರಿಂದ ರಜೆಯ ದಿನಗಳನ್ನು ಆಗಾಗ ಏರಿಸುತ್ತಲೇ ಇರಬೇಕಾಗುತ್ತದೆ. ಪೂರ್ವ ಪೆಸಿಫಿಕ್‌ನಲ್ಲಿ 72ಕ್ಕೆ ಮುಂಚೆ 62 ಇತ್ತು.

ಹಾಗೆಂದು ಕೋಟಾ ಒಂದೇ ಇಟ್ಟರೆ? ಅದನ್ನೂ ಅದೇ ಕಡಲಲ್ಲಿ ಮಾಡಿ ನೋಡಿದ್ದಾರೆ. 1966ರಿಂದ 1979ರ ವರೆಗೆ ಅಲ್ಲಿ ಯೆಲ್ಲೋಫಿನ್‌ಗೆ ಒಟ್ಟು ಮಿತಿ ಇತ್ತು, ಆದರೆ ಯಾವ ಹಡಗಿಗೆ ಎಷ್ಟು ಎಂಬ ಪಾಲು ಇರಲಿಲ್ಲ. ಮಿತಿ ಮುಗಿಯುವವರೆಗೆ ಯಾರು ಎಷ್ಟು ಬೇಕಾದರೂ ಬಾಚಬಹುದು. ಫಲ ಊಹಿಸಬಹುದು: ಎಲ್ಲರೂ ದೊಡ್ಡ ಹಡಗು ಕಟ್ಟಿಸಿದರು, ಜನವರಿ 1ಕ್ಕೇ ಓಟ ಶುರುವಾಯಿತು. ಮೊದಲ ವರ್ಷ ಸೆಪ್ಟೆಂಬರ್‌ವರೆಗೆ ನಡೆದ ಹಂಗಾಮು 1970ರ ಹೊತ್ತಿಗೆ ಮಾರ್ಚ್‌ನಲ್ಲೇ ಮುಗಿಯತೊಡಗಿತು. 2017ರಲ್ಲಿ ಇನ್ನೊಮ್ಮೆ ಪ್ರಯತ್ನಪಟ್ಟರು. ಯೆಲ್ಲೋಫಿನ್, ಬಿಗ್‌ಐ ಎರಡಕ್ಕೂ ಸೇರಿಸಿ ಫ್ಯಾಡ್ ಮೀನುಗಾರಿಕೆಗೆ ಸುಮಾರು 97,700 ಟನ್, ಡಾಲ್ಫಿನ್ ಜೊತೆ ಓಡುವ ಗುಂಪಿನ ಮೀನುಗಾರಿಕೆಗೆ ಸುಮಾರು 1,62,000 ಟನ್ ಎಂದು ಮಿತಿ ಹಾಕಿದರು. ವರ್ಷದ ನಡುವೆಯೇ ಅದು ಮುಗಿಯುವ ಸೂಚನೆ ಕಂಡಿತು. ಜುಲೈಯಲ್ಲಿ ಮತ್ತೆ ಸಭೆ ಸೇರಿ, ಟನ್ ಲೆಕ್ಕ ಬಿಟ್ಟು 72 ದಿನದ ರಜೆಗೆ ಮರಳಿದರು. ಪಾಲು ಹಂಚದ ಕೋಟಾ ಓಟದ ಪಂದ್ಯವಾಗುತ್ತದೆ. ಕೋಟಾವನ್ನು ಬೈಯುವವರು ಹೆಚ್ಚಾಗಿ ಬೈಯುವುದು ಈ ಅರ್ಧ ಕೋಟಾವನ್ನೇ.

ಅಲ್ಲಿ ಈಗ ನಡೆಯುತ್ತಿರುವುದು ಎರಡರ ಮಿಶ್ರಣ. ಒಂದು ಹಡಗು ವರ್ಷದಲ್ಲಿ 1,200 ಟನ್‌ಗಿಂತ ಹೆಚ್ಚು ಬಿಗ್‌ಐ ಹಿಡಿದಿದ್ದರೆ ಆ ಹಡಗಿಗೆ ಮಾತ್ರ ಹೆಚ್ಚುವರಿ 10 ದಿನ ರಜೆ. ಹಿಡಿದದ್ದು ಏರಿದಂತೆ ದಿನವೂ ಏರಿ, 2,400 ಟನ್ ದಾಟಿದರೆ 22 ದಿನ. ನನಗೆ ತೋಚುವ ಮಟ್ಟಿಗೆ ಫ್ಯಾಡ್ ಮೀನುಗಾರಿಕೆಗೆ ಇದು ಒಳ್ಳೆಯ ಉಪಾಯ. ಬಿಗ್‌ಐ ಎಲ್ಲಿ ಹೆಚ್ಚು ಎಂಬುದು ಸ್ಕಿಪ್ಪರ್‌ಗೆ ಗೊತ್ತಿರುತ್ತದೆ, ಅಲ್ಲಿಂದ ದೂರ ಇರಲು ಅವನಿಗೆ ಒಂದು ಕಾರಣ ಸಿಗುತ್ತದೆ.

ದಿನವನ್ನೇ ಕೋಟಾ ಮಾಡಿ ಮಾರುವ ಮೂರನೇ ದಾರಿಯೊಂದು ಪಶ್ಚಿಮ ಪೆಸಿಫಿಕ್‌ನಲ್ಲಿದೆ. ಕಿರಿಬಾಟಿ, ಪಪುವಾ ನ್ಯೂಗಿನಿ, ಮಾರ್ಷಲ್ ದ್ವೀಪಗಳು, ನೌರು ಮುಂತಾದ ಎಂಟು ದೇಶಗಳು ಒಟ್ಟಾಗಿ 2007ರಲ್ಲಿ ಹಡಗು-ದಿನದ ಪದ್ಧತಿ ತಂದವು. ತಮ್ಮ ಕಡಲಲ್ಲಿ ವರ್ಷಕ್ಕೆ ಇಷ್ಟೇ ದಿನ ಎಂದು ನಿಗದಿ ಮಾಡಿ, ಹಂಚಿಕೊಂಡು, ಹೊರಗಿನ ಹಡಗಿಗೆ ದಿನವೊಂದಕ್ಕೆ ಕನಿಷ್ಠ 8,000 ಡಾಲರ್‌ಗೆ ಮಾರುತ್ತವೆ. 50 ಮೀಟರ್‌ಗಿಂತ ಚಿಕ್ಕ ಹಡಗು ಒಂದು ದಿನ ದುಡಿದರೆ ಅರ್ಧ ದಿನ ಕಳೆಯುತ್ತಾರೆ, 80 ಮೀಟರ್ ದಾಟಿದ್ದಕ್ಕೆ ಒಂದೂವರೆ ದಿನ. ತಕರಾರು ಬರುವುದು ‘ಆ ದಿನ ಬಲೆ ಬಿಡಲಿಲ್ಲ, ಬರೀ ದಾಟುತ್ತಿದ್ದೆವು’ ಎಂಬ ಮಾತಿನಲ್ಲಿ. ಉಪಗ್ರಹದ ಮೂಲಕ ಹಡಗಿನ ವೇಗ ಮತ್ತು ಜಾಡು ನೋಡಿ ಅದನ್ನು ತೀರ್ಮಾನಿಸುತ್ತಾರೆ. ಸಣ್ಣ ದ್ವೀಪರಾಷ್ಟ್ರಗಳ ಬೊಕ್ಕಸ ತುಂಬಿಸಿದ ಪದ್ಧತಿ ಇದು.

ಕೋಟಾ ಹುಟ್ಟುವುದು ಹೇಗೆ ಎಂಬುದನ್ನು ಬ್ಲೂಫಿನ್ ಉದಾಹರಣೆಯಲ್ಲಿ ನೋಡಿ. ಅಟ್ಲಾಂಟಿಕ್ ಟ್ಯೂನಾ ಆಯೋಗ ಐಕಾಟ್‌ನ ಕಚೇರಿ ಮ್ಯಾಡ್ರಿಡ್‌ನಲ್ಲಿದೆ. ವಿಜ್ಞಾನಿಗಳ ಸಮಿತಿ ಮೀನಿನ ದಾಸ್ತಾನು ಅಂದಾಜಿಸಿ ಸಲಹೆ ಕೊಡುತ್ತದೆ, ದೇಶಗಳು ಕೂತು ಒಟ್ಟು ಮಿತಿ ನಿಗದಿ ಮಾಡುತ್ತವೆ, ಅದನ್ನು ದೇಶವಾರು ಹಂಚುತ್ತವೆ, ಪ್ರತಿ ದೇಶ ತನ್ನ ಹಡಗುಗಳಿಗೆ ಹಂಚುತ್ತದೆ. ಕಾಗದದ ಮೇಲೆ ಇಷ್ಟೇ. 2007ರಲ್ಲಿ ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ನ ಮಿತಿ 29,500 ಟನ್ ಇತ್ತು. ನಿಜವಾಗಿ ಹಿಡಿದದ್ದು ಸುಮಾರು 61,000 ಟನ್ ಎಂದು ಅದೇ ಆಯೋಗದ ವಿಜ್ಞಾನಿಗಳು ಅಂದಾಜಿಸಿದರು. ಎರಡು ಪಟ್ಟು! 2010ರಲ್ಲಿ ಈ ಮೀನಿನ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಬೇಕೆಂದು ಮೊನಾಕೊ ದೋಹಾದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಸಭೆಯಲ್ಲಿ ಪ್ರಸ್ತಾವ ಇಟ್ಟಿತು. ಅದು ಬಿದ್ದುಹೋಯಿತು, ಆದರೆ ಹೆದರಿಕೆ ಕೆಲಸ ಮಾಡಿತು. ಆ ವರ್ಷದ ಮಿತಿ 13,500 ಟನ್, ಮುಂದಿನ ಎರಡು ವರ್ಷ 12,900. ಮೀನು ಚೇತರಿಸಿಕೊಂಡಂತೆ 2018ಕ್ಕೆ 28,200, 2023ರಿಂದ 2025ರ ವರೆಗೆ 40,570 ಟನ್.

ಈ ತಿರುವನ್ನು ಮಿತಿಯ ಅಂಕಿಯೊಂದೇ ತಂದದ್ದಲ್ಲ. ಲೆಕ್ಕ ಇಡುವ ರೀತಿ ಬದಲಾಯಿತು, ಅದಕ್ಕೇ ಅಂಕಿಗೆ ಬೆಲೆ ಬಂತು.

ಹಡಗಿನ ಮಟ್ಟದಲ್ಲಿ ಹೀಗೆ ನಡೆಯುತ್ತದೆ. ಪ್ರತಿ ಪರ್ಸೀನ್ ಹಡಗಿನಲ್ಲಿ ಒಬ್ಬ ಸ್ವತಂತ್ರ ವೀಕ್ಷಕ ಇರಲೇಬೇಕು. ಮೀನು ಸಿಗದ ದಿನವೂ ‘ಸೊನ್ನೆ’ ಎಂದು ವರದಿ ಕಳಿಸಬೇಕು. ನಾಲ್ಕೈದು ಹಡಗು ಒಟ್ಟಾಗಿ ದುಡಿಯುವುದಿದ್ದರೆ ಹಂಗಾಮಿಗೆ ಮೊದಲೇ ಪಾಲಿನ ಅನುಪಾತ ಬರೆದುಕೊಡಬೇಕು. ಆಮೇಲೆ ಯಾರ ಬಲೆಗೆ ಬಿದ್ದರೂ ಆ ಅನುಪಾತದಲ್ಲೇ ಎಲ್ಲರ ಕೋಟಾದಿಂದ ಕಳೆಯುತ್ತದೆ. 30 ಕಿಲೋ ಅಥವಾ 115 ಸೆಂಟಿಮೀಟರ್‌ಗಿಂತ ಚಿಕ್ಕದನ್ನು, ಕೆಲವು ವಿನಾಯಿತಿ ಬಿಟ್ಟರೆ, ಹಿಡಿಯುವಂತಿಲ್ಲ. ಮೀನು ಕೈಯಿಂದ ಕೈಗೆ ದಾಟಿದಂತೆಲ್ಲ ಒಂದು ವಿದ್ಯುನ್ಮಾನ ದಾಖಲೆ ಅದರ ಜೊತೆ ಹೋಗುತ್ತದೆ. ಅದಿಲ್ಲದ ಮೀನನ್ನು ಆಯೋಗದ ಸದಸ್ಯ ದೇಶಗಳು ಕೊಳ್ಳುವಂತಿಲ್ಲ. ಕೊಳ್ಳುವ ದೊಡ್ಡ ಮಾರುಕಟ್ಟೆ ಜಪಾನೂ ಆಯೋಗದ ಸದಸ್ಯನೇ, ಹಾಗಾಗಿ ಈ ಕಾಗದಕ್ಕೆ ಹಲ್ಲಿದೆ.

‘ನಡುಗಡಲಲ್ಲಿ ತೂಕ ಹಾಕುವವರು ಯಾರು’ ಎಂದಿರಿ. ಯಾರೂ ಇಲ್ಲ, ಕಷ್ಟವೆಲ್ಲ ಇರುವುದು ಅಲ್ಲೇ. ಮೆಡಿಟರೇನಿಯನ್‌ನ ಪರ್ಸೀನ್ ಮೀನನ್ನು ಹೆಚ್ಚಾಗಿ ಕೊಲ್ಲುವುದೇ ಇಲ್ಲ. ಬಲೆಯ ಬಾಯಿಗೆ ತೇಲುವ ಪಂಜರದ ಬಾಯಿ ಹೊಲಿದು, ಮೀನನ್ನು ಜೀವಂತ ಆ ಕಡೆಗೆ ದಾಟಿಸಿ, ಟಗ್ ಹಡಗಿಗೆ ಕಟ್ಟಿ ಬಹಳ ನಿಧಾನವಾಗಿ, ಕೆಲವೊಮ್ಮೆ ವಾರಗಟ್ಟಲೆ, ಸಾಕಣೆ ಕೇಂದ್ರಕ್ಕೆ ಎಳೆದು ತರುತ್ತಾರೆ. ಅಲ್ಲಿ ತಿಂಗಳುಗಟ್ಟಲೆ ತಿನ್ನಿಸಿ ಕೊಬ್ಬಿಸಿ ಆಮೇಲೆ ಮಾರಾಟ. ಈಜುತ್ತಿರುವ ಮೀನನ್ನು ತಕ್ಕಡಿಗೆ ಹಾಕುವುದು ಹೇಗೆ? ಎರಡು ಪಂಜರಗಳ ನಡುವಿನ ಬಾಗಿಲಲ್ಲಿ ಎರಡು ಕಣ್ಣಿನ ಸ್ಟೀರಿಯೊ ಕ್ಯಾಮೆರಾ ಇಟ್ಟು, ದಾಟುವ ಪ್ರತಿ ಮೀನನ್ನು ಎಣಿಸುತ್ತಾರೆ, ಕನಿಷ್ಠ ನೂರಕ್ಕೆ ಇಪ್ಪತ್ತರ ಉದ್ದ ಅಳೆಯುತ್ತಾರೆ. ಉದ್ದದಿಂದ ತೂಕ, ಸರಾಸರಿ ತೂಕವನ್ನು ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಟನ್.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ. ಪಂಜರಕ್ಕೆ 800 ಮೀನು, ಸರಾಸರಿ 150 ಕಿಲೋ ಅಂದರೆ 120 ಟನ್. ಕ್ಯಾಮೆರಾ ಸರಿಯಾಗಿ ಹೊಂದಿಸದೆ ಉದ್ದವನ್ನು ನೂರಕ್ಕೆ ಐದರಷ್ಟು ಕಡಿಮೆ ಓದಿತು ಅನ್ನೋಣ. ತೂಕ ಏರುವುದು ಹೆಚ್ಚುಕಡಿಮೆ ಉದ್ದದ ಘನದಂತೆ. 0.95ನ್ನು ಮೂರು ಸಲ ಗುಣಿಸಿದರೆ 0.857. ಕಾಗದಕ್ಕೆ ಬರುವುದು 103 ಟನ್. ಯಾರೂ ಕದಿಯದೆಯೇ 17 ಟನ್ ಮಾಯ! ಒಂದು ಚಿಕ್ಕ ದೋಣಿಯ ಇಡೀ ವರ್ಷದ ಕೋಟಾಗಿಂತ ಹೆಚ್ಚು. ಅದಕ್ಕೇ ವಿಡಿಯೊ ಮಬ್ಬಾಗಿದ್ದರೆ, ಬಾಗಿಲು ಪೂರ್ತಿ ಕಾಣದಿದ್ದರೆ, ಮೀನು ದಾಟಿಸುವ ಕೆಲಸವನ್ನು ಮೊದಲಿನಿಂದ ಮಾಡಿಸುತ್ತಾರೆ. ವೀಕ್ಷಕರ ಎಣಿಕೆ ಮತ್ತು ಸಾಕಣೆಯವರ ಎಣಿಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಬೇರೆಯಾದರೆ ತನಿಖೆ. ಹಿಡಿದೆವೆಂದು ಬರೆದದ್ದಕ್ಕಿಂತ ಪಂಜರದಲ್ಲಿ ಹೆಚ್ಚಿದ್ದರೆ ಹೆಚ್ಚಿನದನ್ನು ಕಡಲಿಗೆ ಬಿಡಲು ಆದೇಶ. ಇಷ್ಟಾದರೂ ಒಂದು ಸಂದು ಉಳಿಯುತ್ತದೆ: ಸಾಕಣೆಯಲ್ಲಿ ಮೀನು ಎಷ್ಟು ಬೆಳೆಯಿತು ಎಂಬುದು. ಕದ್ದು ತಂದ ಮೀನನ್ನು ‘ಚೆನ್ನಾಗಿ ಕೊಬ್ಬಿದವು’ ಎಂಬ ಲೆಕ್ಕದಲ್ಲಿ ಅಡಗಿಸಬಹುದು.

ಲಾಂಗ್‌ಲೈನ್ (ಉದ್ದ ಹಗ್ಗಕ್ಕೆ ಸಾಲುಗಾಳ ಕಟ್ಟಿ ಹಿಡಿಯುವ) ಹಡಗಿನಲ್ಲಿ ತಪ್ಪು ಬೇರೆ ಕಡೆ. ಕಿವಿರು, ಕರುಳು ತೆಗೆದು ಹೆಪ್ಪುಗಟ್ಟಿಸಿದ ಮೀನನ್ನು ಇಳಿಸುತ್ತಾರೆ, ಆದರೆ ಕೋಟಾ ಇರುವುದು ಇಡೀ ಮೀನಿನ ತೂಕಕ್ಕೆ. ಪರಿವರ್ತನೆಯ ಗುಣಕ 1.15 ಇದ್ದರೆ ದಕ್ಕೆಯಲ್ಲಿ ತೂಗಿದ 20 ಟನ್ ಅಂದರೆ ಕೋಟಾದಿಂದ ಕಳೆಯಬೇಕಾದದ್ದು 23 ಟನ್. ಇದನ್ನು ಮರೆತವರು ಹಂಗಾಮಿನ ಕೊನೆಯಲ್ಲಿ ಸಿಕ್ಕಿಬೀಳುತ್ತಾರೆ.

ಫ್ಯಾಡ್ ಮೀನಿನಲ್ಲಿ ತೂಕಕ್ಕಿಂತ ಜಾತಿಯದೇ ತಲೆನೋವು. ಬಲೆಯಿಂದ ದೊಡ್ಡ ಬುಟ್ಟಿಬಲೆಯಲ್ಲಿ ಟನ್‌ಗಟ್ಟಲೆ ಮೊಗೆದು ಉಪ್ಪುನೀರಿನ ಶೀತಲ ತೊಟ್ಟಿಗೆ ಸುರಿಯುವಾಗ ಸ್ಕಿಪ್‌ಜ್ಯಾಕ್ ಎಷ್ಟು, ಬಿಗ್‌ಐ ಎಷ್ಟು ಎಂದು ಸ್ಕಿಪ್ಪರ್ ಕಣ್ಣಂದಾಜಿನಲ್ಲಿ ಬರೆಯುತ್ತಾನೆ. ಚಿಕ್ಕ ಬಿಗ್‌ಐ ಮತ್ತು ಚಿಕ್ಕ ಯೆಲ್ಲೋಫಿನ್ ನೋಡಲು ಅಣ್ಣತಮ್ಮಂದಿರು. ಕ್ಯಾನರಿಯವರು ಗಾತ್ರದ ಮೇಲೆ ವಿಂಗಡಿಸಿ ಹಣ ಕೊಡುತ್ತಾರೆ, ಈ ಎರಡರ ನಡುವೆ ಭೇದ ಮಾಡುವ ಗೋಜಿಗೆ ಹೋಗುವುದಿಲ್ಲ. ಹಾಗಾಗಿ ಬಿಗ್‌ಐ ಯೆಲ್ಲೋಫಿನ್ ಹೆಸರಿನಲ್ಲಿ ಮುಳುಗಿಹೋಗುತ್ತದೆ. ಅನುಮಾನ ಬಂದರೆ ಹೊಟ್ಟೆ ಸೀಳಿ ಪಿತ್ತಜನಕಾಂಗ ನೋಡಬೇಕು. ಬಿಗ್‌ಐಯಲ್ಲಿ ಅದರ ಮೂರು ಹೋಳೂ ಹೆಚ್ಚುಕಡಿಮೆ ಸಮ, ಅಂಚಿನಲ್ಲಿ ಗೀರುಗೀರು. ಯೆಲ್ಲೋಫಿನ್‌ದು ನುಣುಪು, ಬಲಹೋಳು ಉದ್ದ. ವೀಕ್ಷಕರು ಪ್ರತಿ ಬುಟ್ಟಿಯಿಂದ ಕೈಗೆ ಸಿಕ್ಕ ಐದು ಮೀನು ಎತ್ತಿಕೊಂಡು ಮಾದರಿ ತೆಗೆಯುವ ಹಳೆಯ ಕ್ರಮದಲ್ಲೂ ಒಂದು ಓರೆ ಇದೆ: ಕೈ ಸಹಜವಾಗಿ ದೊಡ್ಡ ಮೀನಿನ ಕಡೆಗೇ ಹೋಗುತ್ತದೆ. ಒಂದು ಪೆಟ್ಟಿಗೆ ತುಂಬ ಸುರಿಸಿಕೊಂಡು ಅದರಲ್ಲಿದ್ದಷ್ಟನ್ನೂ ಅಳೆದರೆ ಲೆಕ್ಕ ನಿಜಕ್ಕೆ ಹತ್ತಿರ.

ಇನ್ನು ಕೋಟಾ ಮುಗಿಯುವ ಹೊತ್ತು. ಅಧಿಕಾರಿಗಳ ಕೈ ನಡುಗುವುದು ಇಲ್ಲೇ. ಒಂದು ದೇಶಕ್ಕೆ 1,000 ಟನ್ ಇದೆ ಎಂದುಕೊಳ್ಳಿ. ಬೇರೆ ಮೀನಿನ ಬಲೆಗೆ ಅಕಸ್ಮಾತ್ ಬೀಳುವುದಕ್ಕೆಂದು 100 ಟನ್ ಪಕ್ಕಕ್ಕಿಟ್ಟರು, ಉಳಿದದ್ದು 900. ಹಡಗುಗಳು ದಿನಕ್ಕೆ 25 ಟನ್ ಹಿಡಿಯುತ್ತಿವೆ. ವರದಿ ಬಂದು ಕೂಡಿಸುವುದು ಎರಡು ದಿನ ತಡ, ನಿಲ್ಲಿಸಿ ಎಂದ ಮೇಲೆ ನಿಲ್ಲಲು ಇನ್ನೊಂದು ದಿನ. ಮೂರು ದಿನಕ್ಕೆ 75 ಟನ್. ಹಾಗಾಗಿ ಲೆಕ್ಕ 825 ತೋರಿಸಿದಾಗಲೇ ಬಂದ್ ಘೋಷಿಸಬೇಕು. ಆದರೆ ಬಂದ್ ಸುದ್ದಿ ಹಬ್ಬಿದ ಕೂಡಲೇ ಎಲ್ಲರೂ ಹಗಲುರಾತ್ರಿ ದುಡಿಯುತ್ತಾರೆ, ಆ 75 ಟನ್ ನೂರು ದಾಟುತ್ತದೆ. ತಿಳಿದವರು 780, 790ಕ್ಕೇ ಘೋಷಿಸುತ್ತಾರೆ. ಮಿಕ್ಕರೆ ಕೆಲವು ಆಯೋಗಗಳಲ್ಲಿ ಒಂದು ಪಾಲನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು. ಮೀರಿದರೆ ತಪ್ಪಿಸಿಕೊಳ್ಳಲಾಗದು.

ಬಂದ್ ಘೋಷಣೆ ಎಲ್ಲರಿಗೂ ಒಂದೇ ಇರಬೇಕು ಎಂಬುದಕ್ಕೆ ನ್ಯಾಯಾಲಯದ ತೀರ್ಪೇ ಇದೆ. 2008ರಲ್ಲಿ ಯುರೋಪಿಯನ್ ಕಮಿಷನ್ ಬ್ಲೂಫಿನ್ ಹಂಗಾಮನ್ನು ಅವಧಿಗೆ ಮೊದಲೇ ಮುಚ್ಚಿತು: ಫ್ರಾನ್ಸ್, ಇಟಲಿ, ಗ್ರೀಸ್, ಸೈಪ್ರಸ್, ಮಾಲ್ಟಾದ ಹಡಗುಗಳಿಗೆ ಜೂನ್ 16ಕ್ಕೆ, ಸ್ಪೇನ್‌ನವರಿಗೆ ಒಂದು ವಾರ ತಡವಾಗಿ ಜೂನ್ 23ಕ್ಕೆ. ಮಾಲ್ಟಾದ ಒಂದು ಸಾಕಣೆ ಕಂಪನಿ ಹೂಡಿದ ದಾವೆಯಲ್ಲಿ ಯುರೋಪಿನ ನ್ಯಾಯಾಲಯ 2011ರಲ್ಲಿ, ಮುಚ್ಚಿದ್ದು ತಪ್ಪಲ್ಲ, ಸ್ಪೇನ್‌ಗೆ ತಕ್ಕ ಕಾರಣವಿಲ್ಲದೆ ಒಂದು ವಾರ ಹೆಚ್ಚು ಕೊಟ್ಟದ್ದು ತಪ್ಪು ಎಂದಿತು.

ಮೀರಿದರೆ ಏನು? ಮುಂದಿನ ಪಾಲಿನಿಂದ ಕಡಿತ. ಐಕಾಟ್‌ನಲ್ಲಿ ಮೀರಿದಷ್ಟನ್ನು ಮುಂದಿನ ಕೋಟಾದಿಂದ ಕಳೆಯುತ್ತಾರೆ. ಎರಡು ಅವಧಿ ಸತತವಾಗಿ ಮೀರಿದರೆ ಮೀರಿದ್ದರ ಒಂದೂಕಾಲು ಪಟ್ಟು. ದಕ್ಷಿಣದ ಬ್ಲೂಫಿನ್ ನೋಡಿಕೊಳ್ಳುವ ಆಯೋಗದಲ್ಲಿ, ಜಪಾನ್ ವರ್ಷಗಳ ಕಾಲ ಕೋಟಾ ಮೀರಿ ಹಿಡಿದದ್ದು 2006ರಲ್ಲಿ ಹೊರಬಿತ್ತು. 6,065 ಟನ್ ಇದ್ದ ಅದರ ಪಾಲನ್ನು 2007ರಿಂದ ಐದು ವರ್ಷಕ್ಕೆ 3,000 ಟನ್‌ಗೆ ಇಳಿಸಿದರು. ಇಂಥ ಶಿಕ್ಷೆ ಸಾಲದು ಎನ್ನುವವರಿದ್ದಾರೆ. ಆದರೆ ಅಷ್ಟು ದೊಡ್ಡ ದೇಶದ ಪಾಲನ್ನು ಅರ್ಧ ಕಡಿದದ್ದು ಸಣ್ಣ ಮಾತಲ್ಲ.

ಗುರಿ ಇಡದ ಮೀನು ಬಿದ್ದಾಗಿನ ಸಮಸ್ಯೆಗೆ ಅಮೆರಿಕ ಮಾಡಿದ ಏರ್ಪಾಡು ಗಮನಿಸಬೇಕಾದ್ದು. ಕತ್ತಿಮೀನು, ಯೆಲ್ಲೋಫಿನ್‌ಗೆಂದು ಗಾಳ ಹಾಕುವ ಲಾಂಗ್‌ಲೈನ್ ದೋಣಿಗಳಿಗೆ 2015ರಿಂದ ತಲಾ ಬ್ಲೂಫಿನ್ ಪಾಲು ಹಂಚಿದರು. ಖಾತೆಯಲ್ಲಿ ಕನಿಷ್ಠ ಪಾಲು ಇಲ್ಲದ ದೋಣಿ ದಡ ಬಿಡುವಂತಿಲ್ಲ: ಶುರುವಿನ ನಿಯಮದಂತೆ ಮೆಕ್ಸಿಕೊ ಕೊಲ್ಲಿಗೆ 250 ಕಿಲೋ, ಅಟ್ಲಾಂಟಿಕ್‌ಗೆ 125 ಕಿಲೋ. ಕಡಿಮೆ ಬಿದ್ದರೆ ಇನ್ನೊಬ್ಬರಿಂದ ಬಾಡಿಗೆಗೆ ಪಡೆಯಬೇಕು. ದೋಣಿಯಲ್ಲಿ ಕ್ಯಾಮೆರಾ ಇರುವುದರಿಂದ, ಬಿದ್ದ ಬ್ಲೂಫಿನ್ ಅನ್ನು ಸದ್ದಿಲ್ಲದೆ ಕಡಲಿಗೆ ಎಸೆದು ಕೈತೊಳೆದುಕೊಳ್ಳಲು ಆಗದು. ತಾಂಡೇಲನೇ ‘ಅಲ್ಲಿ ಬ್ಲೂಫಿನ್ ಇದೆ, ಗಾಳ ಬಿಡುವುದು ಬೇಡ’ ಎನ್ನುವ ಹಾಗಾಯಿತು.

ಕೊನೆಗೆ ನಿಮ್ಮ ಬೋಟಿನ ವಿಷಯ. ಹಿಂದೂ ಮಹಾಸಾಗರದ ಆಯೋಗ ಐಒಟಿಸಿ, ಕಚೇರಿ ಸೆಶೆಲ್ಸ್‌ನಲ್ಲಿ, ಭಾರತವೂ ಸದಸ್ಯ. 2015ರಲ್ಲಿ ಇಲ್ಲಿನ ಯೆಲ್ಲೋಫಿನ್ ಮಿತಿಮೀರಿ ಹಿಡಿಯಲ್ಪಟ್ಟಿದೆ ಎಂಬ ವರದಿ ಬಂತು. ಮರುವರ್ಷ, 2014ರಲ್ಲಿ ಹೆಚ್ಚು ಹಿಡಿದ ದೇಶಗಳು ಆ ವರ್ಷದ ಮಟ್ಟದಿಂದ ಪರ್ಸೀನ್‌ನಲ್ಲಿ ನೂರಕ್ಕೆ 15, ಲಾಂಗ್‌ಲೈನ್ ಮತ್ತು ಗಿಲ್‌ನೆಟ್‌ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಎರಡರಲ್ಲೂ ನೂರಕ್ಕೆ 10 ಇಳಿಸಬೇಕೆಂದು ನಿರ್ಣಯವಾಯಿತು. ಒಟ್ಟು ಹಿಡಿತ ಇಳಿಯುವ ಬದಲು ಏರಿತು. ಕಡಿತ ಅನ್ವಯಿಸದ ದೇಶಗಳು ಹೆಚ್ಚು ಹಿಡಿದವು. ಈ ಆಯೋಗದ ಒಪ್ಪಂದದಲ್ಲಿ ಇನ್ನೊಂದು ಸಡಿಲವಿದೆ: ನಿರ್ಣಯವಾಗಿ 120 ದಿನದೊಳಗೆ ಆಕ್ಷೇಪ ಸಲ್ಲಿಸಿದ ದೇಶಕ್ಕೆ ಅದು ಅನ್ವಯವಾಗದು. ಮೂರನೇ ಒಂದಕ್ಕಿಂತ ಹೆಚ್ಚು ಸದಸ್ಯರು ಆಕ್ಷೇಪಿಸಿದರೆ ಉಳಿದವರನ್ನೂ ಅದು ಕಟ್ಟಿಹಾಕದು. 2021ರ ಯೆಲ್ಲೋಫಿನ್ ನಿರ್ಣಯಕ್ಕೆ ಆಕ್ಷೇಪಿಸಿದವರಲ್ಲಿ ಭಾರತವೂ ಇತ್ತು. 2023ರ ಫೆಬ್ರವರಿಯಲ್ಲಿ ಮೊಂಬಾಸದಲ್ಲಿ ಮತಕ್ಕೆ ಹಾಕಿ ಒಪ್ಪಿದ 72 ದಿನದ ಫ್ಯಾಡ್ ರಜೆ ಬಿದ್ದುಹೋದದ್ದು ಯುರೋಪಿಯನ್ ಒಕ್ಕೂಟ ಮತ್ತಿತರರ ಇಂಥ ಆಕ್ಷೇಪಗಳಿಂದಲೇ.

ನಮ್ಮ ಪರ್ಸೀನ್ ಬೋಟುಗಳಿಗೆ ಬೀಳುವ ‘ಕೇದರ್’ ಬಹುಪಾಲು ಕರಾವಳಿಯ ಚಿಕ್ಕ ಟ್ಯೂನಾಗಳು. ಅವಕ್ಕೆ ಐಒಟಿಸಿಯಲ್ಲಿ ಟನ್ ಮಿತಿ ಇಲ್ಲ. ಆದ್ದರಿಂದ ಸದ್ಯಕ್ಕೆ ನಿಮಗಿರುವುದು 61 ದಿನದ ರಜೆ ಮತ್ತು ರಾಜ್ಯದ ನಿಯಮಗಳು. ಆಳಕಡಲಿಗೆ ಹೋಗಿ ಯೆಲ್ಲೋಫಿನ್‌ಗೆ ಗಾಳ ಹಾಕುವ ಯೋಚನೆ ಇದ್ದರೆ ಮಾತು ಬೇರೆ. 12 ನಾಟಿಕಲ್ ಮೈಲಿಯ ಆಚೆಗೆ ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಗಳ ಪ್ರವೇಶ ಪಾಸ್ ಬೇಕು, ಅಲ್ಲಿ ಹಿಡಿದದ್ದು ದೇಶದ ಲೆಕ್ಕಕ್ಕೆ ಸೇರುತ್ತದೆ.

ಈಗಲೇ ಮಾಡಬಹುದಾದ ಒಂದು ಕೆಲಸವಿದೆ. ಹಿಂದೂ ಮಹಾಸಾಗರದ ಮೀನನ್ನು ದೇಶಗಳಿಗೆ ಹೇಗೆ ಹಂಚಬೇಕು ಎಂಬ ಮಾತುಕತೆ 2011ರಿಂದ ನಡೆದೇ ಇದೆ. ದೂರದಿಂದ ಬರುವ ದೊಡ್ಡ ಹಡಗುಗಳ ದೇಶಗಳು ‘ಹಿಂದೆ ಹಿಡಿದದ್ದರ ಪ್ರಮಾಣದಲ್ಲಿ ಪಾಲು’ ಎನ್ನುತ್ತವೆ, ಕರಾವಳಿ ದೇಶಗಳು ‘ನಮ್ಮ ಕಡಲಲ್ಲಿ ಸಿಕ್ಕದ್ದು ನಮ್ಮ ಲೆಕ್ಕ’ ಎನ್ನುತ್ತವೆ. ಯಾರು ಗೆದ್ದರೂ ಕೇಳುವುದು ದಾಖಲೆಯನ್ನೇ. ಹಾಗಾಗಿ ಬೋಟಿನಲ್ಲಿ ಒಂದು ಪುಸ್ತಕ ಇಡಿ: ದಿನಾಂಕ, ಜಿಪಿಎಸ್ ಸ್ಥಾನ, ಎಷ್ಟು ಸಲ ಬಲೆ ಬಿಟ್ಟದ್ದು (ಖಾಲಿ ಬಂದದ್ದೂ ಸೇರಿ), ಜಾತಿವಾರು ಕಿಲೋ. ‘ಕೇದರ್ 2 ಟನ್’ ಎಂದು ಒಟ್ಟಾಗಿ ಬರೆಯಬೇಡಿ, ಬುಟ್ಟಿಯಲ್ಲಿ ಮೂರು ಬೇರೆ ಮೀನು ಇರಬಹುದು. ಬೆನ್ನಿನ ಎರಡು ರೆಕ್ಕೆಗಳ ನಡುವೆ ಅಗಲ ಅಂತರವಿದ್ದರೆ ಅದು ಫ್ರಿಗೇಟ್ ಜಾತಿ. ರೆಕ್ಕೆಗಳು ಹತ್ತಿರವಿದ್ದು, ಎದೆರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕೆ ಇದ್ದರೆ ಲಿಟ್ಲ್ ಟನ್ನಿ. ಮೈ ತೆಳ್ಳಗೆ ಬಾಲದತ್ತ ನೀಳವಾಗಿ, ಕಪ್ಪು ಚುಕ್ಕೆಯಿಲ್ಲದೆ ಹೊಟ್ಟೆಯ ಕೆಳಬದಿಯಲ್ಲಿ ಬಿಳಚಿದ ಉದ್ದನೆಯ ಮಚ್ಚೆಗಳಿದ್ದರೆ ಲಾಂಗ್‌ಟೇಲ್. ಐಸ್ ಹಾಕಿ ಬಣ್ಣ ಮಾಸುವ ಮೊದಲು, ಬೋಟಿನ ಮೇಲೇ ನೋಡಿ ಬರೆದುಕೊಳ್ಳಿ.